ಪ್ರಾಕ್ಟಿಕಲ್ ಶೂಟಿಂಗ್ ಸ್ಟೇಜ್‌ಗೆ ರಟ್ಟಿನ ಟಾರ್ಗೆಟ್ ಸಿದ್ಧಪಡಿಸುವುದು: ಕಪ್ಪು ಬಳಿಯುವುದರಿಂದ ನೋ-ಶೂಟ್ ಕೂಡಿಸುವವರೆಗೆ

ಅಮೆರಿಕದಲ್ಲಿ ನೆಲೆಸಿ, ಇಲ್ಲಿನ ಕ್ಲಬ್‌ಗಳ ಪ್ರಾಕ್ಟಿಕಲ್ ಶೂಟಿಂಗ್ ಪಂದ್ಯಗಳಿಗೆ ಹೋಗತೊಡಗಿದ ಕನ್ನಡಿಗರು ನನ್ನನ್ನು ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ. "ಶನಿವಾರ ಸ್ಟೇಜ್ ಕಟ್ಟೋಕೆ ಬನ್ನಿ ಅಂತ ಕರೀತಾರೆ, ಹೋದ ತಕ್ಷಣ ಸ್ಪ್ರೇ ಡಬ್ಬಿ ಕೈಗೆ ಕೊಟ್ಟು ಈ ನಾಲ್ಕು ಟಾರ್ಗೆಟ್‌ಗೆ ಹಾರ್ಡ್ ಕವರ್ ಹಾಕಿ ಅಂತಾರೆ. ಎಲ್ಲಿಂದ ಎಲ್ಲಿವರೆಗೆ ಬಳಿಯೋದು? ತಪ್ಪಾದ್ರೆ ಏನಾಗುತ್ತೆ?" ಹಾರ್ಡ್ ಕವರ್ ಎಂದರೆ ಗುಂಡು ಬಿದ್ದರೂ ಅಂಕ ಸಿಗದಂತೆ ಮುಚ್ಚಿದ ಭಾಗ. ತಪ್ಪಾದರೆ ಜಗಳವಾಗುತ್ತದೆ, ಇಲ್ಲವೇ ಒಬ್ಬ ಸ್ಪರ್ಧಿಗೆ ಸಿಕ್ಕ ಟಾರ್ಗೆಟ್ ಇನ್ನೊಬ್ಬನಿಗೆ ಸಿಗದೆ ಹೋಗುತ್ತದೆ. ಹಾಗಾಗಿ ಒಂದೇ ಕಡೆ ಎಲ್ಲವನ್ನೂ ಬರೆದಿಡುತ್ತಿದ್ದೇನೆ. ಇದು ಅಮೆರಿಕದ ಯುಎಸ್‌ಪಿಎಸ್‌ಎ ಪದ್ಧತಿಯ ಪಂದ್ಯಗಳಿಗೆ. ಐಡಿಪಿಎ ಎಂಬ ಇನ್ನೊಂದು ಸಂಸ್ಥೆಯ ಪಂದ್ಯದ ಟಾರ್ಗೆಟ್ ಮತ್ತು ಅಂಕದ ಲೆಕ್ಕ ಬೇರೆ, ಅದನ್ನು ಇದರೊಂದಿಗೆ ಬೆರೆಸಬೇಡಿ.

ಮೊದಲು ಟಾರ್ಗೆಟ್ಟಿನ ಲೆಕ್ಕ

ಪ್ರಾಕ್ಟಿಕಲ್ ಶೂಟಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆ ಐಪಿಎಸ್‌ಸಿ ಹುಟ್ಟಿದ್ದು 1976ರಲ್ಲಿ, ಮಿಸ್ಸೌರಿ ರಾಜ್ಯದ ಕೊಲಂಬಿಯಾ ಊರಿನಲ್ಲಿ. ಅದರ ಅಮೆರಿಕದ ಅಂಗವಾದ ಯುಎಸ್‌ಪಿಎಸ್‌ಎ ಬಂದದ್ದು 1984ರಲ್ಲಿ. ನಿಖರತೆ, ಬಲ, ವೇಗ ಮೂರನ್ನೂ ಒಟ್ಟಿಗೆ ತೂಗುವುದು ಈ ಆಟದ ಮೂಲಮಂತ್ರ. ನಮ್ಮಲ್ಲಿ ಶೂಟಿಂಗ್ ಎಂದರೆ ಬಹುಪಾಲು ಜನರಿಗೆ ನೆನಪಾಗುವುದು ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್. ಅಲ್ಲಿ ಹತ್ತು ಅಂಕದ ಚುಕ್ಕಿ ಅರ್ಧ ಮಿಲಿಮೀಟರ್, ಲೋಕದ ಯಾವ ಮೂಲೆಗೆ ಹೋದರೂ ಅಷ್ಟೇ. ಇಲ್ಲಿ ಪ್ರತಿ ಪಂದ್ಯಕ್ಕೂ ಹೊಸ ಸ್ಟೇಜ್ ಕಟ್ಟುತ್ತಾರೆ. ಸ್ಟೇಜ್ ಎಂದರೆ ಗೋಡೆ, ಪೀಪಾಯಿ, ಕಿಟಕಿಗಳ ನಡುವೆ ಓಡುತ್ತಾ ಗುಂಡು ಹೊಡೆಯುವ ಒಂದು ಸುತ್ತು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ: ಕಾಯಿ ಎಷ್ಟು ಎತ್ತರದಲ್ಲಿದೆ, ಎಲೆಯ ಮರೆಯಲ್ಲಿದೆಯೇ ಎಂಬುದರ ಮೇಲೆ ಕಷ್ಟ ನಿಂತಿರುತ್ತದೆ. ನಾವು ರಟ್ಟಿನ ಮೇಲೆ ಮಾಡುವುದೂ ಆ ಎಲೆಯ ಮರೆಯ ಕೆಲಸವನ್ನೇ.

ನೀವು ಹೆಚ್ಚಾಗಿ ಕಾಣುವುದು ಮೆಟ್ರಿಕ್ ಟಾರ್ಗೆಟ್. ಕಂದು ರಟ್ಟು, ಸುಮಾರು 45 ಸೆಂ.ಮೀ. ಅಗಲ, 75 ಸೆಂ.ಮೀ. ಎತ್ತರ, ಮೇಲೆ ಸುಮಾರು 15 ಸೆಂ.ಮೀ. ಚೌಕದ ತಲೆ. ತಲೆಯಿಲ್ಲದ, ಮೂಲೆ ಕತ್ತರಿಸಿದಂತೆ ಕಾಣುವ ಇನ್ನೊಂದಕ್ಕೆ ಕ್ಲಾಸಿಕ್ ಎನ್ನುತ್ತಾರೆ. ಅದು 45 ಸೆಂ.ಮೀ. ಅಗಲ, 57 ಸೆಂ.ಮೀ. ಎತ್ತರ. ಎರಡರ ಮೇಲೂ ಅಂಚೆಚೀಟಿಯ ಅಂಚಿನಂತೆ ಸಣ್ಣ ತೂತುಗಳ ಗೆರೆ ಒತ್ತಿರುತ್ತಾರೆ. ಆ ಗೆರೆಗಳೇ ಅಂಕದ ವಲಯಗಳನ್ನು ಬೇರ್ಪಡಿಸುವುದು. ನಡುವಿನ ಎ ವಲಯ, ಮೆಟ್ರಿಕ್‌ನಲ್ಲಿ ಸುಮಾರು 15 ಸೆಂ.ಮೀ. ಅಗಲ, 28 ಸೆಂ.ಮೀ. ಎತ್ತರ. ತಲೆಯಲ್ಲೂ ಚಿಕ್ಕದೊಂದು ಎ ಪಟ್ಟಿ ಇದೆ. ಎ ಸುತ್ತ ಸಿ, ಅದರಾಚೆ ಡಿ. ತೀರಾ ಹೊರಗಿನ ಅಂಚಿನಲ್ಲಿ ಅರ್ಧ ಸೆಂಟಿಮೀಟರಿನಷ್ಟು ಅಂಕವಿಲ್ಲದ ಪಟ್ಟಿ.

ಎ ವಲಯಕ್ಕೆ 5 ಅಂಕ. ಸಿಗೆ 4 ಅಥವಾ 3, ಡಿಗೆ 2 ಅಥವಾ 1. ಗುಂಡಿನ ತೂಕ (ಗ್ರೇನ್‌ನಲ್ಲಿ) ಮತ್ತು ವೇಗವನ್ನು (ಸೆಕೆಂಡಿಗೆ ಅಡಿಗಳಲ್ಲಿ) ಗುಣಿಸಿ, 1000ದಿಂದ ಭಾಗಿಸಿದರೆ ಬರುವ ಪವರ್ ಫ್ಯಾಕ್ಟರ್ 165 ಮುಟ್ಟಿದರೆ ಅದು ಮೇಜರ್, ಹೆಚ್ಚಿನ ಅಂಕ. 125 ಮುಟ್ಟಿದರೆ ಮೈನರ್, ಕಡಿಮೆ ಅಂಕ. ಸಾಮಾನ್ಯವಾಗಿ ಒಂದು ಟಾರ್ಗೆಟ್ಟಿಗೆ ಎರಡು ಗುಂಡು, ಅಂದರೆ ಗರಿಷ್ಠ 10 ಅಂಕ. ಒಂದು ಗುಂಡು ತಪ್ಪಿದರೆ 10 ಅಂಕ ಕಳೆಯುತ್ತಾರೆ. ಹೊಡೆಯಬಾರದ ಬಿಳಿ ಟಾರ್ಗೆಟ್ಟಿಗೆ, ಅಂದರೆ ನೋ-ಶೂಟ್‌ಗೆ, ತಗುಲಿದರೂ 10 ಹೋಗುತ್ತದೆ. ಉಳಿದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸಿದರೆ ಬರುವುದೇ ಹಿಟ್ ಫ್ಯಾಕ್ಟರ್, ಸ್ಥಾನ ನಿರ್ಧರಿಸುವ ಸಂಖ್ಯೆ.

ಈ ಲೆಕ್ಕವನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ನೀವು ಎಳೆಯುವ ಒಂದು ಕಪ್ಪು ಗೆರೆ ಬೆರಳಗಲ ಆಚೀಚೆಯಾದರೆ 5 ಅಂಕದ ಗುಂಡು ಮಿಸ್ ಆಗಿಬಿಡುತ್ತದೆ. 5 ಬರಬೇಕಾದಲ್ಲಿ ಅದೂ ಹೋಗಿ, ಮೇಲೆ 10 ಕಳೆದು, ಒಟ್ಟು 15 ಅಂಕದ ಅಂತರ.

ಬೇಕಾದ ಸಾಮಾನು

ರಟ್ಟಿನ ಟಾರ್ಗೆಟ್‌ಗಳು, ಒಂದು ಬದಿ ಕಂದು ಇನ್ನೊಂದು ಬದಿ ಬಿಳಿ ಇರುವಂಥವು ಸಿಕ್ಕರೆ ಅನುಕೂಲ. ತಿರುಗಿಸಿದರೆ ನೋ-ಶೂಟ್ ಸಿದ್ಧ. ಮಿರುಗದ ಕಪ್ಪು ಸ್ಪ್ರೇ ಬಣ್ಣ. ಉದ್ದನೆಯ ಕಬ್ಬಿಣದ ಸ್ಕೇಲು, ಹೊಸ ಬ್ಲೇಡು ಹಾಕಿದ ಕಟ್ಟರ್, ಮಾಸ್ಕಿಂಗ್ ಟೇಪ್, ಪೆನ್ಸಿಲ್, ಸ್ಟೇಪಲ್ ಗನ್. ಟಾರ್ಗೆಟ್ ನಿಲ್ಲಿಸುವ ಸ್ಟ್ಯಾಂಡು ಮತ್ತು ಅದಕ್ಕೆ ಸಿಕ್ಕಿಸುವ ಮರದ ರೀಪುಗಳು. ಮೂರು ಬಣ್ಣದ ಪೇಸ್ಟರ್: ಗುಂಡಿನ ತೂತು ಮುಚ್ಚುವ ಅಂಟುಚೀಟಿಗೆ ಇಲ್ಲಿ ಹೀಗೆನ್ನುತ್ತಾರೆ. ಕಂದು ಜಾಗಕ್ಕೆ ಕಂದು, ನೋ-ಶೂಟ್‌ಗೆ ಬಿಳಿ, ಹಾರ್ಡ್ ಕವರ್‌ಗೆ ಕಪ್ಪು. ಕಪ್ಪು ಚೀಟಿಯನ್ನು ಮರೆತು ಬರುವವರೇ ಹೆಚ್ಚು. ಮಧ್ಯಾಹ್ನದ ಹೊತ್ತಿಗೆ ಕಪ್ಪು ಜಾಗದ ತುಂಬ ಕಂದು ಚೀಟಿ ಮೆತ್ತಿಕೊಂಡು, ದೂರದಿಂದ ನೋಡಿದವನಿಗೆ ಅಲ್ಲಿ ಹೊಡೆಯಬಹುದೇನೋ ಅನ್ನಿಸುತ್ತದೆ.

ಸ್ಪ್ರೇ ಡಬ್ಬಿಯನ್ನು ಬೇಸಿಗೆಯಲ್ಲಿ ಕಾರಿನೊಳಗೆ ಬಿಡಬೇಡಿ. 49 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಬಾರದೆಂದು ಡಬ್ಬಿಯ ಮೇಲೇ ಬರೆದಿರುತ್ತದೆ, ಬಿಸಿಲಿಗೆ ನಿಂತ ಕಾರು ಅದನ್ನು ಸುಲಭವಾಗಿ ಮೀರುತ್ತದೆ.

1. ಏನನ್ನು ಮರೆ ಮಾಡಬೇಕು, ಏಕೆ ಎಂದು ಮೊದಲು ತೀರ್ಮಾನಿಸಿ

ಬಣ್ಣದ ಡಬ್ಬಿ ಅಲುಗಾಡಿಸುವ ಮುನ್ನ ಸ್ಟೇಜ್ ನಕ್ಷೆ ಮುಂದಿಟ್ಟುಕೊಳ್ಳಿ. ಈ ಟಾರ್ಗೆಟ್ಟನ್ನು ಸ್ಪರ್ಧಿ ಎಷ್ಟು ದೂರದಿಂದ ಹೊಡೆಯುತ್ತಾನೆ? ನಿಂತು ಹೊಡೆಯುತ್ತಾನೋ, ನಡೆಯುತ್ತಲೋ? 5 ಮೀಟರಿನಲ್ಲಿ ಬರೀ ತಲೆ ಬಿಟ್ಟು ಉಳಿದದ್ದನ್ನೆಲ್ಲ ಕಪ್ಪು ಮಾಡಿದರೆ ಅದು ಒಳ್ಳೆಯ ಪ್ರಶ್ನೆ, ವೇಗ ತಗ್ಗಿಸಬೇಕೋ ಬೇಡವೋ ಎಂದು ಸ್ಪರ್ಧಿ ಯೋಚಿಸುತ್ತಾನೆ. ಅದನ್ನೇ 25 ಮೀಟರಿಗೆ ಒಯ್ದರೆ ಹೊಸಬರಿಗೆ ಸಾಲುಸಾಲು ಮಿಸ್. ನನ್ನ ಅಭಿಪ್ರಾಯ ಕೇಳಿದರೆ, ಒಂದು ಸ್ಟೇಜ್‌ನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಟಾರ್ಗೆಟ್‌ಗಳನ್ನು ಬಿಗಿ ಮಾಡಬೇಡಿ. ತೆರೆದ ಟಾರ್ಗೆಟ್ ಪಕ್ಕದಲ್ಲಿ ಮುಚ್ಚಿದ್ದು ಬಂದಾಗಲೇ ಸ್ಪರ್ಧಿ ಲಯ ಬದಲಿಸಬೇಕಾಗುತ್ತದೆ. ಎಲ್ಲವೂ ಬಿಗಿಯಾದರೆ ಇಡೀ ಸ್ಟೇಜ್ ಒಂದೇ ನಿಧಾನದಲ್ಲಿ ಸಾಗುತ್ತದೆ.

ಎಷ್ಟೇ ಮುಚ್ಚಿದರೂ ಎ ವಲಯದ ಒಂದಷ್ಟು ಭಾಗ ಉಳಿಯಲೇಬೇಕು. ಎ ಪೂರ್ತಿ ಹೋದ ಟಾರ್ಗೆಟ್‌ನಲ್ಲಿ ಒಳ್ಳೆಯ ಗುಂಡಿಗೆ ಬಹುಮಾನವೇ ಇಲ್ಲ.

ಇನ್ನೊಂದು ಎಚ್ಚರಿಕೆ: ಕ್ಲಾಸಿಫೈಯರ್ ಸ್ಟೇಜ್‌ಗಳನ್ನು, ಅಂದರೆ ಸ್ಪರ್ಧಿಗಳ ದರ್ಜೆ ನಿರ್ಧರಿಸಲು ದೇಶದಾದ್ಯಂತ ಒಂದೇ ರೀತಿ ಕಟ್ಟುವ ಸ್ಟೇಜ್‌ಗಳನ್ನು, ಮುಟ್ಟಲು ಹೋಗಬೇಡಿ. ಎಲ್ ಪ್ರೆಸಿಡೆಂಟೆ ಎಂಬ ಕ್ಲಾಸಿಫೈಯರ್ ಎಂದರೆ 10 ಗಜ ದೂರದಲ್ಲಿ ಮೂರು ತೆರೆದ ಟಾರ್ಗೆಟ್, ಅಷ್ಟೇ. ಚೆನ್ನಾಗಿರಲಿ ಎಂದು ಅದರಲ್ಲೊಂದಕ್ಕೆ ಕಪ್ಪು ಬಳಿದರೆ ಅಲ್ಲಿ ಬಂದ ಅಂಕ ಯಾವ ದರ್ಜೆಗೂ ಹೊಂದುವುದಿಲ್ಲ.

2. ನಾಲ್ಕು ದಾರಿಗಳಲ್ಲಿ ಒಂದನ್ನು ಆರಿಸಿ

ಟಾರ್ಗೆಟ್‌ನ ಭಾಗವನ್ನು ಮರೆ ಮಾಡಲು ನಾಲ್ಕು ದಾರಿಗಳಿವೆ. ಗೋಡೆ ಅಥವಾ ಪೀಪಾಯಿಯ ಹಿಂದೆ ನಿಜವಾಗಿಯೇ ಅಡಗಿಸುವುದು. ಕತ್ತರಿಸಿ ತೆಗೆಯುವುದು. ಬಣ್ಣ ಅಥವಾ ಟೇಪಿನಿಂದ ಮುಚ್ಚಿ ಆ ಭಾಗವನ್ನು ಹಾರ್ಡ್ ಕವರ್ ಎಂದು ಘೋಷಿಸುವುದು. ಮೇಲೆ ನೋ-ಶೂಟ್ ಕೂಡಿಸಿ ಸ್ಟೇಪಲ್ ಮಾಡುವುದು.

ಹಾರ್ಡ್ ಕವರ್ ಎಂದರೆ ಗುಂಡು ತೂರದ ವಸ್ತು ಎಂದು ನಿಯಮ ಭಾವಿಸುವ ಜಾಗ. ಬಣ್ಣ ಬಳಿದ ರಟ್ಟನ್ನು ಗುಂಡು ಸುಲಭವಾಗಿ ತೂರುತ್ತದೆ, ಆದರೂ ಲೆಕ್ಕದಲ್ಲಿ ಅದು ಕಲ್ಲಿನ ಗೋಡೆ. ಇದಕ್ಕೆ ವಿರುದ್ಧವಾದದ್ದು ಸಾಫ್ಟ್ ಕವರ್: ಕಣ್ಣಿಗೆ ಮರೆ, ಆದರೆ ಅದರ ಮೂಲಕ ಹೋದ ಗುಂಡಿಗೆ ಅಂಕವುಂಟು.

ನಾಲ್ಕರಲ್ಲಿ ಹೊಸಬರಿಗೆ ನಾನು ಹೇಳುವುದು ಬಣ್ಣದ ದಾರಿಯನ್ನು. ಪ್ಲಾಸ್ಟಿಕ್ ಪೀಪಾಯಿಯನ್ನು ಹಾರ್ಡ್ ಕವರ್ ಮಾಡಿ ಅದರ ಹಿಂದೆ ಟಾರ್ಗೆಟ್ ಇಟ್ಟರೆ ನೋಡಲು ಚೆಂದ. ಆದರೆ ಗುಂಡು ಪೀಪಾಯಿಯನ್ನು ತೂರಿ ಹಿಂದಿನ ರಟ್ಟಿನಲ್ಲಿ ತೂತು ಮಾಡುತ್ತದೆ. ಆಗ ಪೀಪಾಯಿಯಲ್ಲಿ ಹೊಸ ತೂತು ಯಾವುದು, ರಟ್ಟಿನ ಯಾವ ತೂತು ಅದರದು ಎಂದು ಹುಡುಕಬೇಕು. ಪತ್ತೆಯಾಗದಿದ್ದರೆ ಸ್ಪರ್ಧಿ ಇಡೀ ಸ್ಟೇಜನ್ನು ಮತ್ತೆ ಹೊಡೆಯಬೇಕಾಗುತ್ತದೆ. ರಟ್ಟಿನ ಮೇಲೇ ಬಣ್ಣವಿದ್ದರೆ ತೂತು ಒಂದೇ, ಅದು ಕಪ್ಪಿನಲ್ಲಿದೆಯೋ ಕಂದಿನಲ್ಲಿದೆಯೋ ಎಂಬುದು ಎಲ್ಲರ ಕಣ್ಣಿಗೂ ಕಾಣುತ್ತದೆ.

3. ಅಚ್ಚು ಮಾಡಿಕೊಳ್ಳಿ

ಈ ಲೇಖನದಲ್ಲಿ ಒಂದೇ ಒಂದನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕಣ್ಣಳತೆಯಲ್ಲಿ ಬಳಿಯಬೇಡಿ. ಹಳೆಯ ಟಾರ್ಗೆಟ್ ಒಂದನ್ನು ತೆಗೆದುಕೊಂಡು, ಕಂದು ಉಳಿಯಬೇಕಾದ ಭಾಗವನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಕಪ್ಪಾಗಬೇಕಾದ ಭಾಗವನ್ನು ಕಟ್ಟರ್‌ನಿಂದ ತೆಗೆದುಹಾಕಿ. ಉಳಿದ ತುಂಡೇ ನಿಮ್ಮ ಅಚ್ಚು. ಅದನ್ನು ಹೊಸ ಟಾರ್ಗೆಟ್ ಮೇಲೆ ಅಂಚಿಗೆ ಅಂಚು ಕೂಡಿಸಿ ಇಟ್ಟರೆ ಮುಚ್ಚಬೇಕಾದ್ದು ಮುಚ್ಚುತ್ತದೆ, ಬಳಿಯಬೇಕಾದ್ದು ತೆರೆದಿರುತ್ತದೆ.

ಗೆರೆ ಎಲ್ಲಿ ಬರಬೇಕೆಂದು ಗೊತ್ತುಮಾಡಲು ಟಾರ್ಗೆಟ್‌ನ ಅಳತೆಗಳನ್ನೇ ಆಧಾರ ಮಾಡಿಕೊಳ್ಳಿ. "ಭುಜದಿಂದ ಭುಜಕ್ಕೆ ಅಡ್ಡಗೆರೆ", "ಎ ವಲಯದ ಎಡಗೆರೆಯಿಂದ ಹೊರಕ್ಕೆಲ್ಲ" ಹೀಗೆ. ಮುಂದಿನ ತಿಂಗಳು ಬೇರೆಯವರು ಕಟ್ಟಿದರೂ ಅದೇ ಬರುತ್ತದೆ. "ಅರ್ಧದಷ್ಟು ಕಪ್ಪು" ಎಂದು ಬರೆದರೆ ಹತ್ತು ಜನ ಹತ್ತು ರೀತಿ ಬಳಿಯುತ್ತಾರೆ.

ಅಚ್ಚು ಇಲ್ಲದೆ ಆದ ಅನಾಹುತವೊಂದನ್ನು ಹೇಳಬೇಕು, ಏಕೆಂದರೆ ಆ ಗೆರೆ ಎಳೆದವನು ನಾನೇ. ಪಂದ್ಯದ ನಡುವೆ ಒಂದು ಟಾರ್ಗೆಟ್ ಚಿಂದಿಯಾಗಿತ್ತು. ಹೊಸದಕ್ಕೆ ಕಣ್ಣಳತೆಯಲ್ಲೇ ಬಳಿದು ರೀಪಿಗೆ ಸ್ಟೇಪಲ್ ಮಾಡಿದೆ. ಎರಡು ತಂಡಗಳು ಮುಗಿಸಿದ ಮೇಲೆ ಯಾರೋ ಹಳೆಯದನ್ನು ಕಸದಿಂದ ತೆಗೆದು ಪಕ್ಕದಲ್ಲಿ ಹಿಡಿದರು. ಹೊಸ ಗೆರೆ ಎರಡು ಬೆರಳು ಮೇಲಿತ್ತು. ಬೆಳಿಗ್ಗೆ ಹೊಡೆದವರಿಗೂ ಮಧ್ಯಾಹ್ನ ಹೊಡೆದವರಿಗೂ ಬೇರೆ ಬೇರೆ ಟಾರ್ಗೆಟ್ ಸಿಕ್ಕಂತಾಯಿತು. ಎಲ್ಲರಿಗೂ ಮತ್ತೆ ಹೊಡೆಸುವಷ್ಟು ಹೊತ್ತಿರಲಿಲ್ಲ, ಆ ಸ್ಟೇಜನ್ನೇ ಫಲಿತಾಂಶದಿಂದ ತೆಗೆದುಹಾಕಿದರು. ಅಂದು ಆ ಸ್ಟೇಜನ್ನು ಬದುಕಿನಲ್ಲೇ ಚೆನ್ನಾಗಿ ಹೊಡೆದಿದ್ದ ಹುಡುಗಿಯೊಬ್ಬಳ ಮುಖ ನನಗೆ ಇನ್ನೂ ನೆನಪಿದೆ.

4. ಕಪ್ಪು ಬಳಿಯುವುದು

ಟಾರ್ಗೆಟ್ಟನ್ನು ನೆಲದ ಮೇಲೆ ಚಪ್ಪಟೆ ಮಲಗಿಸಿ. ಗಾಳಿಯಿದ್ದರೆ ಗಾಳಿಗೆ ಬೆನ್ನು ಮಾಡಿ ನಿಲ್ಲಿ. ಅಚ್ಚನ್ನು ಮೇಲಿಟ್ಟು, ಅದರ ಗೆರೆಯಂಚು ಎಲ್ಲಿಯೂ ಎದ್ದಿರದಂತೆ ಸ್ಕೇಲನ್ನೋ ಎರಡು ಕಲ್ಲನ್ನೋ ಹೇರಿ. ಈ ಭಾರ ಮುಖ್ಯ. ಅಚ್ಚು ಒಂದಿಷ್ಟು ಎದ್ದಿದ್ದರೂ ಬಣ್ಣದ ಮಂಜು ಅಡಿಗೆ ನುಗ್ಗಿ, ಗೆರೆಯ ಬದಲು ಬೂದಿಬಣ್ಣದ ಮಸುಕು ಅಂಚು ಬರುತ್ತದೆ. ಗೆರೆ ತೀರಾ ಚುರುಕಾಗಿ ಬೇಕೆಂದರೆ ಅಚ್ಚಿನ ಅಂಚಿಗೆ ಸರಿಯಾಗಿ ಮಾಸ್ಕಿಂಗ್ ಟೇಪ್ ಅಂಟಿಸಿ, ಉಗುರಿನಿಂದ ಉಜ್ಜಿ ಒತ್ತಿ. ರಟ್ಟಿನ ಮೇಲ್ಮೈಯಲ್ಲಿ ಒಳಗಿನ ಅಲೆಗಳ ಸಣ್ಣ ಏರುತಗ್ಗು ಇರುತ್ತದೆ. ಒತ್ತದಿದ್ದರೆ ಪ್ರತಿ ತಗ್ಗಿನಲ್ಲೂ ಒಂದೊಂದು ಕಪ್ಪು ನಾಲಿಗೆ ಹೊರಚಾಚುತ್ತದೆ.

ಡಬ್ಬಿಯನ್ನು ಒಂದು ನಿಮಿಷ ಚೆನ್ನಾಗಿ ಅಲುಗಾಡಿಸಿ, 25-30 ಸೆಂ.ಮೀ. ಎತ್ತರದಲ್ಲಿ ಹಿಡಿದು, ಅಚ್ಚಿನ ಮೇಲಿಂದ ಶುರುಮಾಡಿ ಹೊರಕ್ಕೆ ಎಳೆಯಿರಿ. ಹೊರಗಿನಿಂದ ಅಚ್ಚಿನ ಕಡೆಗೆ ಎಳೆದರೆ ಬಣ್ಣ ಅದರ ಅಡಿಗೆ ಹೋಗುತ್ತದೆ. ಒಂದೇ ಸಲ ದಪ್ಪ ಹೊಡೆಯದೆ ತೆಳುವಾಗಿ ಎರಡು ಸಲ ಹೊಡೆಯಿರಿ. ಒದ್ದೆಯಾದ ರಟ್ಟು ಬಾಗುತ್ತದೆ, ಬಾಗಿದ ಟಾರ್ಗೆಟ್ ರೀಪಿನ ಮೇಲೆ ನೆಟ್ಟಗೆ ನಿಲ್ಲುವುದಿಲ್ಲ. ಅದೇ ಕಾರಣಕ್ಕೆ ನೀರು ಬೆರೆಸುವ ಗೋಡೆಬಣ್ಣ ನನಗೆ ಹಿಡಿಸದು.

ಬಣ್ಣ ಎಲ್ಲ ಕಡೆ ಒಂದೇ ಆಗಿರಬೇಕು, ಕಂದಿನಿಂದ ಎದ್ದು ಕಾಣಬೇಕು. ಕಪ್ಪೇ ಏಕೆಂದರೆ, ಕೆಂಪು-ಹಸಿರು ಭೇದ ತಿಳಿಯದ ಗಂಡಸರು ಪ್ರತಿ ಪಂದ್ಯದಲ್ಲೂ ಒಬ್ಬಿಬ್ಬರಾದರೂ ಇರಬಹುದು. ಕಡುಹಸಿರು, ಕಡುಕೆಂಪು ಅವರಿಗೆ ಕಂದಿನಂತೆಯೇ ತೋರುತ್ತದೆ. ಮಿರುಗುವ ಕಪ್ಪು ಬೇಡ: ಬಿಸಿಲು ಬಿದ್ದಾಗ ಹೊಳೆದು ಬೆಳ್ಳಗೆ ಕಾಣುತ್ತದೆ, ನೋ-ಶೂಟ್ ಎಂಬ ಭ್ರಮೆ ಹುಟ್ಟಿಸುತ್ತದೆ.

ಒಣಗುವ ಮುನ್ನ ಒಂದರ ಮೇಲೊಂದು ಪೇರಿಸಬೇಡಿ. ಮೇಲಿನದರ ಹಿಂಬದಿಗೆ ಕಪ್ಪು ಮೆತ್ತಿಕೊಳ್ಳುತ್ತದೆ, ಆ ಹಿಂಬದಿ ನಿಮ್ಮ ನಾಳಿನ ನೋ-ಶೂಟ್.

ಹೊಸಬರು ಮಾಡುವ ಇನ್ನೊಂದು ತಪ್ಪು, ಸಹಾಯವಾಗಲಿ ಎಂದು ಎ ವಲಯದ ತೂತುಗೆರೆಯ ಮೇಲೆ ಮಾರ್ಕರ್ ಎಳೆಯುವುದು. ವಲಯದ ಗೆರೆಗಳು 10 ಮೀಟರಿನಾಚೆ ಕಾಣಬಾರದು ಎಂಬುದೇ ನಿಯಮದ ಆಶಯ. ಎ ಎಲ್ಲಿದೆ ಎಂದು ಸ್ಪರ್ಧಿ ಆಕಾರ ನೋಡಿ ಅಂದಾಜಿಸಬೇಕು.

5. ಕತ್ತರಿಸುವುದಾದರೆ

ಕತ್ತರಿಸುವಾಗ ಸ್ಕೇಲಿಗೆ ಬ್ಲೇಡು ಒತ್ತಿ ಎರಡು ಮೂರು ಸಲ ಹಗುರಾಗಿ ಎಳೆಯಿರಿ. ಒಂದೇ ಸಲ ಬಲ ಹಾಕಿದರೆ ರಟ್ಟಿನ ಪದರ ಹರಿಯುತ್ತದೆ. ಬೆರಳುಗಳು ಬ್ಲೇಡಿನ ದಾರಿಯಲ್ಲಿರದಂತೆ ನೋಡಿಕೊಳ್ಳಿ.

ಇಲ್ಲಿ ಬಹಳಷ್ಟು ಜನ ಮರೆಯುವುದು ಹೊಸ ಅಂಚುಪಟ್ಟಿಯನ್ನು. ಟಾರ್ಗೆಟ್ಟಿನ ಸುತ್ತ ಅಂಕವಿಲ್ಲದ ಅಂಚು ಇತ್ತಲ್ಲ, ಕತ್ತರಿಸಿದ ಕಡೆ ಅದು ಹೋಗಿಬಿಡುತ್ತದೆ. ಕತ್ತರಿಸಿದ ಉದ್ದಕ್ಕೂ ಅರ್ಧ ಸೆಂಟಿಮೀಟರ್ ಒಳಗೆ ಹೊಸ ಗೆರೆ ಹಾಕಬೇಕೆಂದು ನಿಯಮವಿದೆ. ಸ್ಕೇಲಿಟ್ಟು ಬಾಲ್‌ಪೆನ್ನಿನಿಂದ ಒತ್ತಿ ಎಳೆದರೆ ಸಾಕು, ಹತ್ತಿರದಿಂದ ಕಾಣುತ್ತದೆ, ದೂರದಿಂದ ಕಾಣುವುದಿಲ್ಲ. ಗೆರೆಯಿಲ್ಲದಿದ್ದರೆ ಅಂಚನ್ನು ಸವರಿ ಹೋದ ಗುಂಡಿನ ಹರುಕಿಗೆ ಅಂಕವುಂಟೋ ಇಲ್ಲವೋ ಎಂದು ಬಿಸಿಲಿನಲ್ಲಿ ನಿಂತು ವಾದಿಸಬೇಕಾಗುತ್ತದೆ.

ಓಲಾಡುವ ಟಾರ್ಗೆಟ್‌ಗಳಿಗೆ, ಅಂದರೆ ಸ್ವಿಂಗರ್‌ಗಳಿಗೆ, ಕತ್ತರಿಸುವುದು ಒಳ್ಳೆಯ ದಾರಿ. ತೂಕ ಕಡಿಮೆಯಾಗಿ ಗಾಳಿಗೆ ಕಡಿಮೆ ಸಿಗುತ್ತದೆ. ನಿಂತ ಟಾರ್ಗೆಟ್ಟಿಗೆ ಮಾತ್ರ ನಾನು ಬಣ್ಣವನ್ನೇ ಆರಿಸುತ್ತೇನೆ.

6. ನೋ-ಶೂಟ್ ಕೂಡಿಸುವುದು

ನೋ-ಶೂಟ್ ಎಂದರೆ ಹೊಡೆಯಬಾರದ ಟಾರ್ಗೆಟ್, ಸಾಮಾನ್ಯವಾಗಿ ಬಿಳಿ. ಹಾರ್ಡ್ ಕವರ್‌ಗೆ ಹೋದ ಗುಂಡು ಬರೀ ವ್ಯರ್ಥ, ನೋ-ಶೂಟ್‌ಗೆ ಹೋದ ಗುಂಡು ವ್ಯರ್ಥವೂ ಹೌದು, ಮೇಲೆ 10 ಅಂಕದ ದಂಡವೂ ಹೌದು. ಹಾಗಾಗಿ ಇದು ಸ್ಪರ್ಧಿಯ ಮನಸ್ಸಿನ ಮೇಲೆ ಕೆಲಸ ಮಾಡುತ್ತದೆ. ಬಲಗಡೆ ಬಿಳಿ ಕಂಡರೆ ಕೈ ತಾನಾಗಿ ಎಡಕ್ಕೆ ವಾಲುತ್ತದೆ, ಎ ಬದಲು ಎಡಗಡೆಯ ಸಿಗೆ ಗುಂಡು ಬೀಳುತ್ತದೆ. ಒಂದೇ ಬದಿಯಲ್ಲಿ ನೋ-ಶೂಟ್ ಇಡುವುದು ನ್ಯಾಯವಾದ ಪರೀಕ್ಷೆ: ಧೈರ್ಯವಿದ್ದವರಿಗೆ ಎ, ಇಲ್ಲದವರಿಗೆ ಒಂದೆರಡು ಅಂಕ ಕಮ್ಮಿಯ ಸುರಕ್ಷಿತ ಜಾಗ. ಎರಡೂ ಬದಿಯಲ್ಲಿಟ್ಟರೆ ತಪ್ಪಿಸಿಕೊಳ್ಳಲು ಜಾಗವಿಲ್ಲ, ಅದನ್ನು 10 ಮೀಟರಿನೊಳಗೆ ಮಾತ್ರ ಇಡಿ.

ಕೂಡಿಸುವ ಕ್ರಮ ಹೀಗೆ. ಕಂದು ಟಾರ್ಗೆಟ್ಟನ್ನು ರೀಪುಗಳಿಗೆ ಮೊದಲು ಭದ್ರವಾಗಿ ಸ್ಟೇಪಲ್ ಮಾಡಿ. ಬಿಳಿಯದನ್ನು ಅದಕ್ಕೆ ಅಂಟಿದಂತೆ, ಸಂದಿಯಿಲ್ಲದೆ ಕೂಡಿಸಿ ಸ್ಟೇಪಲ್ ಮಾಡಿ. ಸಂದಿ ಬಿಟ್ಟರೆ ಎರಡು ತೊಂದರೆ. ಒಂದು, ಎಡಗಡೆಯ ಕಿಟಕಿಯಿಂದ ನೋಡಿದವನಿಗೆ ಎ ಅರ್ಧ ಕಂಡರೆ, ಬಲಗಡೆಯಿಂದ ನೋಡಿದವನಿಗೆ ಮುಕ್ಕಾಲು ಕಾಣುತ್ತದೆ. ಎರಡು, ಓರೆಯಾಗಿ ಬಂದ ಗುಂಡು ಬಿಳಿಯನ್ನು ತೂರಿ ಹಿಂದಿನ ಕಂದಿನ ತೆರೆದ ಭಾಗದಲ್ಲಿ ತೂತು ಮಾಡುತ್ತದೆ, ಅದು ನೇರವಾಗಿ ಬಿದ್ದ ತೂತಿನಂತೆಯೇ ಕಾಣುತ್ತದೆ.

ಈಗ ಸೂಕ್ಷ್ಮವಾದ ವಿಷಯ. ಟಾರ್ಗೆಟ್ಟಿನ ಅಂಕದ ಭಾಗವೂ ನೋ-ಶೂಟ್‌ನ ಒಳಭಾಗವೂ ಲೆಕ್ಕದಲ್ಲಿ ಗುಂಡು ತೂರದ ಜಾಗಗಳು. ಗುಂಡು ಪೂರ್ತಿಯಾಗಿ ಬಿಳಿಯೊಳಗೆ ಹೋದರೆ ಹಿಂದಿನ ತೂತಿಗೆ ಅಂಕವಿಲ್ಲ. ಅರ್ಧ ಬಿಳಿಯಲ್ಲಿ, ಅರ್ಧ ಕಂದಿನಲ್ಲಿ ಬಿದ್ದರೆ ಎರಡೂ ಲೆಕ್ಕಕ್ಕೆ ಬರುತ್ತವೆ: ದಂಡವೂ ಅಂಕವೂ. ಆದರೆ ಬಿಳಿಯ ಅಂಚಿನಲ್ಲಿರುವ ಆ ಅರ್ಧ ಸೆಂಟಿಮೀಟರ್ ಪಟ್ಟಿ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದರ ಮೂಲಕ ಹೋಗಿ ಹಿಂದಿನ ಎಗೆ ತಗುಲಿದ ಗುಂಡು ದಂಡವಿಲ್ಲದ ಎ. ಇದು ಗೊತ್ತಿಲ್ಲದೆ ದಂಡ ಬರೆದವರನ್ನೂ, ದಂಡ ಒಪ್ಪಿಕೊಂಡು ಸಹಿ ಹಾಕಿದವರನ್ನೂ ನೋಡಿದ್ದೇನೆ. ನೋ-ಶೂಟ್‌ನ ತೂತುಗೆರೆ ಸ್ಪಷ್ಟವಾಗಿ ಕಾಣುವ ಬದಿಯನ್ನೇ ಮುಂದೆ ಮಾಡಿ.

ಸ್ಟೇಪಲ್‌ಗಳನ್ನು ತೆರೆದಿರುವ ಎ ವಲಯದಿಂದ ದೂರವಿಡಿ. ಗುಂಡು ಸ್ಟೇಪಲ್‌ಗೆ ಬಡಿದರೆ ರಟ್ಟು ನಕ್ಷತ್ರದಂತೆ ಹರಿದು, ತೂತಿನ ಅಳತೆ ತಿಳಿಯದಾಗುತ್ತದೆ. ಕಾಣುವ ಎ ಭಾಗದ ಹಿಂದೆ ರೀಪು ಹಾಯದಂತೆಯೂ ನೋಡಿಕೊಳ್ಳಿ. ನಾಲ್ಕು ಗುಂಡು ಬಿದ್ದರೆ ರೀಪು ಮುರಿದು ಟಾರ್ಗೆಟ್ ಮಲಗುತ್ತದೆ.

7. ನಿಲ್ಲಿಸಿ, ನಡೆದು ನೋಡಿ

ಎಲ್ಲ ನಿಲ್ಲಿಸಿದ ಮೇಲೆ ಸ್ಪರ್ಧಿ ನಿಲ್ಲಬಹುದಾದ ಪ್ರತಿ ಜಾಗದಲ್ಲೂ ನಿಂತು ನೋಡಿ. ಎತ್ತರದವರ ಕಣ್ಣಿನಿಂದ ಒಮ್ಮೆ, ಮಂಡಿ ಸ್ವಲ್ಪ ಬಗ್ಗಿಸಿ ಕುಳ್ಳಗಿನವರ ಕಣ್ಣಿನಿಂದ ಒಮ್ಮೆ. ಗೋಡೆಯ ಮೇಲಂಚಿನಿಂದ ಕಾಣುವ ಟಾರ್ಗೆಟ್ ಎತ್ತರದವರಿಗೆ ತೆರೆದಿದ್ದು, ಗಿಡ್ಡಗಿನವರಿಗೆ ಮುಚ್ಚಿಹೋಗಿರುವುದು ಸಾಮಾನ್ಯ.

ಪ್ರತಿ ಜಾಗದಿಂದಲೂ ರಟ್ಟನ್ನು ತೂರಿದ ಗುಂಡು ಎಲ್ಲಿಗೆ ಹೋಗುತ್ತದೆ ಎಂದು ಕಣ್ಣಿನಲ್ಲೇ ಗೆರೆ ಎಳೆಯಿರಿ. ಅದು ಮಣ್ಣಿನ ಏರಿಗೆ, ಏರಿಯ ತಲೆಗಿಂತ ಸಾಕಷ್ಟು ಕೆಳಗೆ ಬೀಳಬೇಕು. ಕೆಳಗಿನ ಭಾಗ ಕಪ್ಪು ಮಾಡಿ ತಲೆ ಮಾತ್ರ ಬಿಟ್ಟಾಗ ಸ್ಪರ್ಧಿಗಳ ಗುಂಡು ಒಂದಡಿಗೂ ಹೆಚ್ಚು ಮೇಲೇರುತ್ತದೆ ಎಂಬುದನ್ನು ಮರೆಯಬೇಡಿ. ಏರಿ ತಗ್ಗಿರುವ ಕಡೆ ಟಾರ್ಗೆಟ್ಟನ್ನು ಕೆಳಗಿಳಿಸಿ, ಇಲ್ಲವೇ ಮೇಲ್ಭಾಗ ಮುಚ್ಚಿ ಕೆಳಭಾಗ ತೆರೆಯಿರಿ. ಒಂದು ಟಾರ್ಗೆಟ್ ತೂರಿದ ಗುಂಡು ಹಿಂದಿನ ಇನ್ನೊಂದು ಟಾರ್ಗೆಟ್‌ಗೆ ತಗುಲುವಂತಿದ್ದರೆ ಎರಡರಲ್ಲೊಂದನ್ನು ಸರಿಸಿ. ಈ ಹಂತದಲ್ಲಿ ಯಾರ ಕೈಯಲ್ಲೂ ಪಿಸ್ತೂಲು ಇರಬಾರದು. ಬೆರಳು ತೋರಿಸಿದರೂ ಸಾಕು, ನೋಟ ತಿಳಿಯುತ್ತದೆ.

8. ಬರೆದಿಡಿ, ಬದಲಿ ಇಟ್ಟುಕೊಳ್ಳಿ

ಸ್ಟೇಜ್ ವಿವರಣೆಯ ಹಾಳೆಯಲ್ಲಿ ಯಾವುದು ಹಾರ್ಡ್ ಕವರ್, ಯಾವುದು ಸಾಫ್ಟ್ ಕವರ್ ಎಂದು ಬರೆಯಿರಿ. ಪ್ರತಿ ಟಾರ್ಗೆಟ್‌ಗೆ ಸಂಖ್ಯೆ ಕೊಟ್ಟು ಹಿಂಬದಿಯಲ್ಲಿ ಬರೆಯಿರಿ. ಮುಂದಿನಿಂದ ಫೋಟೋ ತೆಗೆದಿಡಿ. ರೀಪಿನ ಮೇಲೆ ಟಾರ್ಗೆಟ್ಟಿನ ಮೇಲಂಚು ಬರುವಲ್ಲಿ ಮಾರ್ಕರ್‌ನಿಂದ ಗುರುತು ಹಾಕಿ, ಬದಲಿಸಿದಾಗ ಎತ್ತರ ತಪ್ಪುವುದಿಲ್ಲ. ಸ್ಟ್ಯಾಂಡಿನ ಕಾಲು ನೆಲಕ್ಕೆ ಮುಟ್ಟುವಲ್ಲೂ ಬಣ್ಣದ ಗುರುತು ಇರಲಿ, ಗಾಳಿಗೆ ಸರಿದರೆ ತಿಳಿಯುತ್ತದೆ.

ಕಪ್ಪು ಬಳಿದ ಪ್ರತಿ ಟಾರ್ಗೆಟ್‌ಗೂ ಅದೇ ಅಚ್ಚಿನಲ್ಲಿ ಬಳಿದ ಎರಡು ಬದಲಿಗಳನ್ನು ಹಿಂದಿನ ದಿನವೇ ಸಿದ್ಧಮಾಡಿಡಿ. 60 ಜನರ ಪಂದ್ಯವೆಂದರೆ ಒಂದು ಟಾರ್ಗೆಟ್‌ಗೆ 120 ಗುಂಡು. ತೆರೆದ ಜಾಗ ಚಿಕ್ಕದಾದಷ್ಟೂ ಆ ಗುಂಡುಗಳೆಲ್ಲ ಅಂಗೈಯಷ್ಟು ಜಾಗದಲ್ಲಿ ಬಿದ್ದು, ಚೀಟಿಯ ಮೇಲೆ ಚೀಟಿಯಾಗಿ ಅಲ್ಲಿ ರಟ್ಟೇ ಉಳಿದಿರುವುದಿಲ್ಲ. ಬದಲಿಸುವುದಾದರೆ ಒಂದು ತಂಡ ಮುಗಿದು ಇನ್ನೊಂದು ಶುರುವಾಗುವ ನಡುವೆ ಬದಲಿಸಿ.

9. ಪಂದ್ಯದ ದಿನ

"ರೇಂಜ್ ಈಸ್ ಕ್ಲಿಯರ್" ಎಂದು ಅಧಿಕಾರಿ ಕೂಗುವವರೆಗೆ ಒಂದು ಹೆಜ್ಜೆಯೂ ಮುಂದಿಡಬೇಡಿ. ಅಂಕ ಬರೆದುಕೊಳ್ಳುವ ಮೊದಲು ತೂತಿಗೆ ಚೀಟಿ ಅಂಟಿಸಬೇಡಿ. ಅವಸರಕ್ಕೆ ಅಂಟಿಸಿದ ಒಂದು ಚೀಟಿಯಿಂದ ಸ್ಪರ್ಧಿ ಇಡೀ ಸ್ಟೇಜ್ ಮತ್ತೆ ಹೊಡೆಯಬೇಕಾಗಬಹುದು. ಹಾಗೆಯೇ ಅಂಟಿಸದೆ ಬಿಟ್ಟ ತೂತು ಮುಂದಿನವನ ಲೆಕ್ಕ ಕೆಡಿಸುತ್ತದೆ.

ಕಪ್ಪು ಗೆರೆಯ ಮೇಲೇ ತೂತು ಬಿದ್ದಿದ್ದರೆ ಒಂದು ಚೀಟಿ ಸಾಲದು. ಕಂದು ಚೀಟಿಯನ್ನು ಗೆರೆಗೆ ಸರಿಯಾಗಿ ಅರ್ಧ ಹರಿದು ಕಂದು ಬದಿಗೆ, ಕಪ್ಪು ಚೀಟಿಯ ಅರ್ಧವನ್ನು ಕಪ್ಪು ಬದಿಗೆ ಅಂಟಿಸಿ. ಇಷ್ಟು ತಾಳ್ಮೆ ಇಲ್ಲದಿದ್ದರೆ ಹತ್ತು ಜನ ಹೊಡೆಯುವಷ್ಟರಲ್ಲಿ ಗೆರೆ ಹಾವಿನಂತೆ ಡೊಂಕಾಗುತ್ತದೆ. ನೋ-ಶೂಟ್‌ಗೆ ಚೀಟಿ ಹಾಕುವಾಗ ಅದರ ಹಿಂದಿನ ಕಂದನ್ನೂ ಇಣುಕಿ ನೋಡಿ.

ಮಳೆ ಬಂದರೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಹೊದಿಸಿ, ಬಾಯಿ ಕೆಳಗಿರಲಿ. ಚೀಲ ರಟ್ಟಿಗೆ ಅಂಟದಂತೆ ಮುಂದೆ ತೆಳುವಾದ ಕಡ್ಡಿಯಿಟ್ಟು ಸ್ವಲ್ಪ ಎಳೆದು ಹಿಡಿಸಿ. ಒದ್ದೆ ರಟ್ಟಿಗೆ ಚೀಟಿ ನಿಲ್ಲುವುದಿಲ್ಲ, ಒದ್ದೆ ಕಂದು ಕಪ್ಪಾಗಿ ಕಾಣುತ್ತದೆ, ನೀವು ಕಷ್ಟಪಟ್ಟು ಎಳೆದ ಗೆರೆ ಅದರಲ್ಲಿ ಕರಗಿಹೋಗುತ್ತದೆ.

10. ಗೆರೆಯ ಮೇಲಿನ ತೂತು

ಕೊನೆಗೆ ಎಲ್ಲ ವಾದವೂ ಬಂದು ನಿಲ್ಲುವುದು ಇಲ್ಲಿ. ನಿಯಮ ಸ್ಪರ್ಧಿಯ ಪರವಾಗಿದೆ: ತೂತು ಹೆಚ್ಚಿನ ಅಂಕದ ಗೆರೆಯನ್ನು ಮುಟ್ಟಿದರೆ ಹೆಚ್ಚಿನ ಅಂಕ. ಕಪ್ಪಿನಲ್ಲಿ ಮುಕ್ಕಾಲು, ಕಂದಿನಲ್ಲಿ ಕಾಲುಭಾಗ ಬಿದ್ದ ತೂತಿಗೂ ಆ ಕಂದು ಭಾಗದ ಅಂಕ ಪೂರ್ತಿ ಸಿಗುತ್ತದೆ. ಆದರೆ ರಟ್ಟಿನ ಹರುಕು ಲೆಕ್ಕಕ್ಕಿಲ್ಲ, ಗುಂಡಿನ ವ್ಯಾಸ ಮಾತ್ರ ಲೆಕ್ಕ.

ಹತ್ತಿರ ಬಗ್ಗಿ ನೋಡಿ. 9 ಎಂ.ಎಂ. ಗುಂಡು ಹೋದ ಜಾಗದಲ್ಲಿ ತೂತಿನ ಸುತ್ತ ಬೂದುಬಣ್ಣದ ತೆಳು ಉಂಗುರ ಕಾಣುತ್ತದೆ, ಗುಂಡಿನ ಮೈಯ ಮಸಿ ರಟ್ಟಿಗೆ ಒರೆಸಿಕೊಂಡು ಹೋದ ಗುರುತು ಅದು. ಆ ಉಂಗುರದ ಹೊರಂಚೇ ಗುಂಡಿನ ನಿಜವಾದ ಅಳತೆ. ಕಂದಿನ ಮೇಲೆ ಅದು ಚೆನ್ನಾಗಿ ಕಾಣುತ್ತದೆ. ಕಪ್ಪಿನ ಮೇಲೆ ಕಾಣುವುದಿಲ್ಲ, ಹಾಗಾಗಿ ಕಂದಿನ ಬದಿಯ ಕಮಾನನ್ನೇ ನೋಡಿ ತೀರ್ಮಾನಿಸಬೇಕು. ಸಂಶಯ ಬಂದರೆ ಪಾರದರ್ಶಕ ಹಾಳೆಯ ಮೇಲೆ ಗುಂಡಿನ ಅಳತೆಯ ವೃತ್ತ ಮುದ್ರಿಸಿದ ಓವರ್‌ಲೇ ಇಟ್ಟು ನೋಡುತ್ತಾರೆ. ಗೆರೆ ಚುರುಕಾಗಿದ್ದರೆ ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತದೆ. ಬೂದಿಬಣ್ಣದ ಮಸುಕಾಗಿದ್ದರೆ ಓವರ್‌ಲೇ ಕೂಡ ಸಹಾಯ ಮಾಡದು, ವೃತ್ತವನ್ನು ಯಾವುದಕ್ಕೆ ಮುಟ್ಟಿಸಿ ನೋಡುವುದೆಂದೇ ತಿಳಿಯುವುದಿಲ್ಲ. ತಕರಾರು ಬಂದ ಟಾರ್ಗೆಟ್‌ಗೆ ಚೀಟಿ ಅಂಟಿಸದೆ ಹಾಗೆಯೇ ಕಳಚಿ, ಮುಖ್ಯ ಅಧಿಕಾರಿ ಬರುವವರೆಗೆ ತೆಗೆದಿಡಿ. ಅದರ ಜಾಗಕ್ಕೆ ಹಿಂದಿನ ದಿನ ಅಚ್ಚಿನಲ್ಲಿ ಬಳಿದಿಟ್ಟ ಬದಲಿಯನ್ನು ರೀಪಿನ ಗುರುತಿಗೆ ಸರಿಯಾಗಿ ಸ್ಟೇಪಲ್ ಮಾಡಿ.

ಪಂದ್ಯ ಮುಗಿದ ಮೇಲೆ ಅಚ್ಚುಗಳನ್ನು ಎಸೆಯಬೇಡಿ. ಸ್ಟೇಜಿನ ಹೆಸರು, ಟಾರ್ಗೆಟ್ ಸಂಖ್ಯೆ, ತಿಂಗಳು ಬರೆದು, ಮೂಲೆಯಲ್ಲಿ ತೂತು ಮಾಡಿ, ಕ್ಲಬ್ಬಿನ ಶೆಡ್ಡಿನಲ್ಲಿ ಮೊಳೆಗೆ ನೇತುಹಾಕಿ.